ಹೂವಿನ ಹೆಸರು ಹೇಳೋ ಆಪು: ಜೋಗಿಮಟ್ಟಿಲಿ ಟೆಸ್ಟ್ ಮಾಡಿದೆ, 1,499 ರೂಪಾಯಿ ಹೋಯ್ತು

ಬೆಣ್ಣೆ ದೋಸೆ ಎರಡನೇ ಪ್ಲೇಟ್ ಬರೋದನ್ನೇ ಕಾಯ್ತಾ ಕೂತಿದ್ದೆ, ಟಿಂಗ್ ಅಂತ ಮೆಸೇಜ್ ಬಂತು, ನೋಡಿದ್ರೆ ಅಕೌಂಟಿಂದ 1,499 ರೂಪಾಯಿ ಕಟ್. ಯಾವುದಪ್ಪಾ ಇದು ಅಂತ ಹುಡುಕಿದ್ರೆ ಹೂವಿನ ಆಪು. ಏಳು ದಿನ ಫ್ರೀ ಟ್ರಯಲ್ ಅಂತ ಹಾಕ್ಕೊಂಡಿದ್ದೆ, ಕ್ಯಾನ್ಸಲ್ ಮಾಡೋದು ಮರ್ತೋಗಿತ್ತು, ತಪ್ಪು ನಂದೇ ಅನ್ನಿ. ಆದ್ರೆ ಆ ಕ್ಯಾನ್ಸಲ್ ಬಟನ್ ಆಪ್ ಒಳಗೆ ಎಲ್ಲೂ ಇಲ್ಲ ಸ್ವಾಮಿ, ಪ್ಲೇ ಸ್ಟೋರಿಗೆ ಹೋಗಿ, ಮೇಲೆ ನಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಅಂತ ಒಳಗೆ ಹೋಗಿ, ಅಲ್ಲಿ ಸಬ್‌ಸ್ಕ್ರಿಪ್ಶನ್ ಅಂತ ಇರುತ್ತೆ, ಅಲ್ಲಿ ಮಾಡ್ಬೇಕು. ಇದನ್ನ ಮೊದಲೇ ಬರೀತಿರೋದು ಯಾಕಂದ್ರೆ ರಿವ್ಯೂ ಪೂರ್ತಿ ಓದದೆ ಡೌನ್‌ಲೋಡ್ ಮಾಡೋರು ಇದೊಂದಾದ್ರೂ ತಿಳ್ಕೊಳ್ಳಲಿ. ಆಪ್ ಹೆಸರು ಹಾಕಲ್ಲ, ಇಂಥವು ಹತ್ತಾರು ಇದಾವೆ, ಎಲ್ಲದರ ಐಕಾನೂ ಹಸಿರು, ಎಲ್ಲದರಲ್ಲೂ ಒಂದು ಎಲೆ.

ನಂಗೆ ಗಿಡದ ಹುಚ್ಚೇನಿಲ್ಲ. ಮಗಳು ಆರನೇ ಕ್ಲಾಸು, ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ರು, ಕಾಡಲ್ಲಿ ತಾನಾಗೇ ಬೆಳೆಯೋ ಇಪ್ಪತ್ತು ಹೂವಿನ ಫೋಟೋ ಮತ್ತೆ ಹೆಸರು. ಇಂಗ್ಲಿಷ್ ಹೆಸರು, ಸೈಂಟಿಫಿಕ್ ಹೆಸರು, ಲೋಕಲ್ ಹೆಸರು ಅಂತ ಮೂರು ಕಾಲಮ್ಮು. ದಾವಣಗೆರೇಲಿ ಕಾಡೆಲ್ಲಿಂದ ತರೋದು, ಅದಕ್ಕೆ ಗೌರಿ ಹಬ್ಬ ಹತ್ತಿರ ಇರೋವಾಗ ಒಂದು ಭಾನುವಾರ ಬೆಳಿಗ್ಗೆ ಕಾರ್ ತಗೊಂಡು ಚಿತ್ರದುರ್ಗಕ್ಕೆ ಹೋದ್ವಿ. ನಾನು, ಮಗಳು, ನಮ್ಮವ್ವ. ಅವ್ವನ್ನ ಕರ್ಕೊಂಡು ಹೋಗಿದ್ದು ಹೂವಿಗಲ್ಲ, ಮನೇಲಿ ಒಬ್ಬಳೇ ಆಗ್ತಾಳೆ ಅಂತ. ಅವಳು ಬರದಿದ್ರೆ ಈ ರಿವ್ಯೂನೇ ಬೇರೆ ಥರ ಇರ್ತಿತ್ತು, ಬಹುಶಃ ನಾಲ್ಕು ಸ್ಟಾರ್ ಕೊಟ್ಟು ಸುಮ್ನಾಗಿರ್ತಿದ್ದೆ.

ಜೋಗಿಮಟ್ಟಿ ಗೊತ್ತಿಲ್ಲದೋರಿಗೆ: ದುರ್ಗದ ಊರಿಂದ ಹತ್ತು ಕಿಲೋಮೀಟರ್ ಆಸುಪಾಸು, ದಾರೀಲೇ ಆಡುಮಲ್ಲೇಶ್ವರದ ಚಿಕ್ಕ ಝೂ ಸಿಗುತ್ತೆ, ಅದು ದಾಟಿದ್ರೆ ಚೆಕ್‌ಪೋಸ್ಟು. ಈಗ ಅದು ವನ್ಯಜೀವಿ ಧಾಮ, ಹೂವು ಕೀಳೋ ಹಂಗಿಲ್ಲ, ಫೋಟೋ ಮಾತ್ರ. ದುರ್ಗ ಅಂದ್ರೆ ಬಂಡೆ, ಬಿಸಿಲು, ಕೋಟೆ ಅಂತ ಅನ್ಕೊಂಡಿರೋರು ಮಳೆಗಾಲ ಮುಗಿಯೋ ಹೊತ್ತಿಗೆ ಒಂದ್ಸಲ ಇಲ್ಲಿ ಬರ್ಬೇಕು, ಮೋಡ ರೋಡ್ ಮೇಲೇ ಹಾದು ಹೋಗುತ್ತೆ, ಗಾಳಿ ಹೆಂಗೆ ಅಂದ್ರೆ ಅವ್ವನ ಸೆರಗು ಅವಳ ಕೈಗೇ ಸಿಕ್ತಿರ್ಲಿಲ್ಲ. ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ನೆ ಹಾಕಿಲ್ಲ.

ಮೇಲೆ ನೆಟ್‌ವರ್ಕ್ ಇಲ್ಲ. ಇದು ಆಪ್‌ನ ಮೊದಲ ಸೋಲು. ಕಾಡಿನ ಹೂವು ಗುರುತು ಹಿಡಿಯೋಕೆ ಅಂತ ಮಾಡಿರೋ ಆಪು ಕಾಡಲ್ಲಿ ಕೆಲಸ ಮಾಡಲ್ಲ, ಚಕ್ರ ತಿರುಗ್ತಾನೇ ಇರುತ್ತೆ. ಆಫ್‌ಲೈನ್ ಪ್ಯಾಕ್ ಅಂತ ಒಂದಿದೆ, ಡೌನ್‌ಲೋಡ್ ಮಾಡಿದ್ದೆ, ತೆಗೆದ್ರೆ ಎಲ್ಲಾ ಯೂರೋಪಿನ ಗಿಡ. ಜೋಗಿಮಟ್ಟಿಲಿ ನಿಂತು ನಾನು ಟ್ಯುಲಿಪ್ ಹುಡುಕ್ಲಾ. ಸರಿ ಅಂತ ಸುಮ್ನೆ ಫೋಟೋ ತೆಗೀತಾ ಹೋದ್ವಿ, ಕೆಳಗೆ ಬಂದು ಚೆಕ್ ಮಾಡೋಣ ಅಂತ.

ಒಂದು ತಿರುವಲ್ಲಿ ಪೊದೆ ಒಳಗಿಂದ ಒಂದು ಗಿಡ ಎದ್ದು ನಿಂತಿತ್ತು, ಹೂವಿಲ್ಲ, ಬರೀ ಎಲೆ, ಉದ್ದಕ್ಕೆ ಚೂಪಾಗಿ, ಮಗಳು ಹತ್ರ ಹೋಗಿ ಎಲೆ ಹಿಡ್ಕೊಂಡ್ಲು. ಅವ್ವ ಹಿಂದಿಂದ ಜೋರಾಗಿ, "ಏ ಕೂಸೇ, ಬಿಡದನ್ನ! ಗೌರಿ ಹೂವಿನ ಬಳ್ಳಿ ಅದು. ಮುಟ್ಟಿದ ಕೈ ಬಾಯಿಗೆ ಇಟ್ಕಂಡೀಯ ಮತ್ತೆ!" ಹೂವೇ ಇಲ್ವಲ್ಲವ್ವ, ಹೆಂಗೆ ಗೊತ್ತಾಯ್ತು ಅಂದೆ. "ಎಲೆ ತುದಿ ನೋಡು" ಅಂದ್ಲು. ನೋಡಿದ್ರೆ ಹೌದು, ಪ್ರತಿ ಎಲೆಯ ತುದೀನೂ ಸಣ್ಣ ಸುರುಳಿ ಆಗಿ ಪಕ್ಕದ ಕಡ್ಡಿಗೆ ಸುತ್ಕೊಂಡಿದೆ. ಎಷ್ಟೋ ಬಳ್ಳಿಗಳಿಗೆ ಹಬ್ಬೋಕೆ ಬೇರೆ ಬಳ್ಳಿಕುಡಿ ಇರುತ್ತೆ, ಇದಕ್ಕೆ ಎಲೇನೇ ಕೈ.

ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ಅದೇ ಬಳ್ಳಿ, ಮೈ ತುಂಬ ಹೂವು. ನೋಡದೇ ಇರೋರಿಗೆ ಹೇಳೋದು ಕಷ್ಟ. ಹೂವು ನೆಲ ನೋಡ್ತಾ ತಲೆ ತಗ್ಗಿಸಿರುತ್ತೆ, ಆರು ಎಸಳು ಮಾತ್ರ ಹಿಂದಕ್ಕೆ ಮಡಚಿ ಆಕಾಶದ ಕಡೆ, ಅಂಚು ಅಲೆ ಅಲೆ, ಒಲೆ ಉರಿ ಥರ. ಕೇಸರಗಳು ಆರೂ ಸುತ್ತ ಚಾಚ್ಕೊಂಡಿರುತ್ತೆ, ನಡುವಿಂದ ಒಂದು ಕಡ್ಡಿ ಬುಡದಲ್ಲೇ ಬಗ್ಗಿ ಪಕ್ಕಕ್ಕೆ ಹೊರಟುಬಿಟ್ಟಿರುತ್ತೆ, ಯಾರೋ ಮುರಿದು ಇಟ್ಟಂಗೆ. ಬಿರಿಯೋವಾಗ ಹಸಿರು, ಆಮೇಲೆ ಹಳದಿ, ಆಮೇಲೆ ತುದಿ ಕೆಂಪು ಬುಡ ಹಳದಿ, ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳೀಲಿ ನಾಲ್ಕೂ ಬಣ್ಣ ಒಟ್ಟಿಗೆ ಇತ್ತು. ಮಗಳು ಹದಿನೈದು ಫೋಟೋ ತೆಗೆದ್ಲು.

ಅಲ್ಲೇ ಫಾರೆಸ್ಟ್ ವಾಚರ್ ಒಬ್ರು ಬಂದ್ರು, ಕೀಳ್ತಾ ಇದೀವೇನೋ ಅಂತ ನೋಡೋಕೆ. ಫೋಟೋ ಅಂತ ಗೊತ್ತಾದ ಮೇಲೆ ಮಾತಿಗೆ ನಿಂತ್ರು. "ಅಗ್ನಿಶಿಖೆ ಸರ್ ಇದು, ಗೆಡ್ಡೆ ಕದಿಯಾಕೆ ಬರ್ತಾರೆ" ಅಂದ್ರು. ಅವ್ವ ಬಿಡ್ಲಿಲ್ಲ, "ಗೌರಿ ಹೂವು ಕಣಪ್ಪಾ, ಹಬ್ಬದ ಹೊತ್ತಿಗೇ ಬಿಡತೈತಲ್ಲ". "ಆಗ್ಲಿ ಬಿಡಮ್ಮ, ನಿಂಗೆ ಗೌರಿ, ನಮ್ ಇಲಾಖೆಗೆ ಅಗ್ನಿಶಿಖೆ" ಅಂತ ನಕ್ಕು ಹೋದ್ರು. ಮಗಳು ಲೋಕಲ್ ನೇಮ್ ಕಾಲಮ್ಮಲ್ಲಿ ಎರಡೂ ಬರ್ಕೊಂಡ್ಲು.

ಈಗ ಆಪಿಗೆ ಬರೋಣ. ಕೆಳಗೆ ಝೂ ಹತ್ರ ಕಾರ್ ನಿಲ್ಲಿಸಿ ನೆಟ್ ಬಂದ ಮೇಲೆ ಫೋಟೋ ಹಾಕಿದ್ವಿ. ಹೂವಿರೋ ಫೋಟೋಗೆ ಎರಡೇ ಸೆಕೆಂಡು, ಗ್ಲೋರಿಯೋಸಾ ಸುಪರ್ಬಾ, 98 ಪರ್ಸೆಂಟ್. ಭೇಷ್. ಹಸಿರು ಮೊಗ್ಗಿನ ಫೋಟೋಗೆ ಏನೋ ಬೇರೆ ಲಿಲ್ಲಿ ಅಂತು, ಹೋಗ್ಲಿ. ಹೂವಿಲ್ಲದ ಆ ಎಲೆ ಫೋಟೋ ಹಾಕಿದಾಗ ಏನು ಬಂತು ಗೊತ್ತಾ, ಶುಂಠಿ ಜಾತಿದು ಅಂತ, 61 ಪರ್ಸೆಂಟ್, ಪಕ್ಕದಲ್ಲಿ ಸಣ್ಣ ಚಮಚ ಫೋರ್ಕಿನ ಚಿತ್ರ. ಅಂದ್ರೆ ತಿನ್ನಬಹುದು ಅಂತ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ತಮಾಷೆ ಅಲ್ಲ ಇದು. ಈ ಗಿಡದ ಎಲ್ಲಾ ಭಾಗದಲ್ಲೂ ವಿಷ ಇದೆ, ಗೆಡ್ಡೆ ಮತ್ತೆ ಬೀಜದಲ್ಲಿ ಜಾಸ್ತಿ. ಕೋಲ್ಚಿಸಿನ್ ಅಂತಾರೆ, ಗೌಟ್ ಅನ್ನೋ ಕೀಲು ನೋವಿಗೆ ಡಾಕ್ಟರು ಮಿಲಿಗ್ರಾಂ ಲೆಕ್ಕದಲ್ಲಿ ಕೊಡೋ ಮಾತ್ರೆ ಅದೇ, ಜೀವಕೋಶ ಎರಡಾಗೋದನ್ನ ತಡೆಯೋ ವಸ್ತು, ಬೀಜ ಇಲ್ಲದ ಕಲ್ಲಂಗಡಿ ತಳಿ ಮಾಡೋಕೂ ಅದನ್ನೇ ಬಳಸ್ತಾರೆ. ಈ ಬೀಜಕ್ಕೋಸ್ಕರ ತಮಿಳುನಾಡಲ್ಲಿ ಇದನ್ನ ಬೆಳೇನೇ ಹಾಕ್ತಾರೆ, ಅವರ ರಾಜ್ಯ ಪುಷ್ಪಾನೂ ಇದೇ. ಆದ್ರೆ ಗೆಡ್ಡೆ ನೋಡೋಕೆ ಗೆಣಸಿನ ಥರ ಇರೋದ್ರಿಂದ ತಿಂದು ಸತ್ತೋರು ಇದಾರೆ, ಶ್ರೀಲಂಕಾದಲ್ಲಿ ಇಂಥ ಕೇಸು ಎಷ್ಟೋ ಆಗಿದಾವೆ. ಬೇಯಿಸಿದ್ರೂ ವಿಷ ಹೋಗಲ್ಲ. ತಿಂದ ತಕ್ಷಣ ಗೊತ್ತೂ ಆಗಲ್ಲ, ಕೆಲವು ಗಂಟೆ ಆದ್ಮೇಲೆ ವಾಂತಿ ಭೇದಿ ಶುರು, ಆಗ ಮನೆ ಮದ್ದು ಅಂತ ಕೂರಬಾರದು, ಸೀದಾ ಆಸ್ಪತ್ರೆ. ಇಂಥ ಗಿಡಕ್ಕೆ ಚಮಚದ ಚಿತ್ರ ಹಾಕ್ತಾರಲ್ಲ, 61 ಪರ್ಸೆಂಟಿಗೆ! ಗೊತ್ತಿಲ್ಲ ಅಂತ ಹೇಳೋಕೆ ಆಪಿಗೆ ಬರೋದೇ ಇಲ್ಲ, ಏನಾದ್ರೂ ಒಂದು ಹೇಳ್ಬಿಡುತ್ತೆ. ಮೂರು ಸ್ಟಾರ್ ಕಟ್ ಮಾಡಿದ್ದು ಇಲ್ಲೇ, ಉಳಿದ ಎರಡು ಏನಿದೆಯೋ ಅದು ಆ 98ಕ್ಕೆ.

ಸಪೋರ್ಟಿಗೆ ಮೇಲ್ ಹಾಕಿದೆ. "ಪ್ರಿಯ ಬಳಕೆದಾರರೇ, ನಿಮ್ಮ ಸಸ್ಯ ಪ್ರಯಾಣಕ್ಕೆ ಧನ್ಯವಾದಗಳು" ಅಂತ ರಿಪ್ಲೈ ಬಂತು. ಸಸ್ಯ ಪ್ರಯಾಣ ಅಂತೆ.

ಕನ್ನಡದ ವಿಷಯಕ್ಕೆ ಬಂದ್ವಿ ನೋಡಿ. ಈ ಆಪ್ ತಗೊಂಡಿದ್ದೇ "ಕನ್ನಡದಲ್ಲಿ ಲಭ್ಯ" ಅಂತ ಹಾಕಿದ್ರು ಅಂತ. ಸೆಟ್ಟಿಂಗ್ಸಲ್ಲಿ ಕನ್ನಡ ಮಾಡಿದ್ರೆ ಗ್ಲೋರಿಯೋಸಾಗೆ ಬಂದ ಹೆಸರು "ಜ್ವಾಲೆಯ ಲಿಲ್ಲಿ, ವೈಭವದ ಲಿಲ್ಲಿ, ಹುಲಿ ಉಗುರು". ಇಂಗ್ಲಿಷಲ್ಲಿರೋ ಹೆಸರನ್ನ ಮಿಷನ್ನಿಗೆ ಹಾಕಿ ರುಬ್ಬಿದಾರೆ ಅಷ್ಟೇ. ಗೌರಿ ಇಲ್ಲ, ಅಗ್ನಿಶಿಖೆ ಇಲ್ಲ, ಹಳಬರು ಬರೆದಿರೋ ಕೋಳಿಕುಟುಮ ಇಲ್ಲ. ಮತ್ತೆ ಹುಲಿ ಉಗುರು ಅಂತ ನಮ್ಮ ಕಡೆ ಜೋರಾಗಿ ಹೇಳಿದ್ರೆ ಹೂವು ಅಂತ ಯಾರೂ ಅನ್ಕೊಳ್ಳಲ್ಲ, ಫಾರೆಸ್ಟ್‌ನೋರು ಕತ್ತಲ್ಲಿರೋ ಚೈನ್ ನೋಡೋಕೆ ಬರ್ತಾರೆ.

ಇನ್ನೂ ಇದೆ ಕೇಳಿ. ವಿಷ್ಣುಕ್ರಾಂತಿ, ನೆಲಕ್ಕೆ ಅಂಟ್ಕೊಂಡು ಬೆಳೆಯೋ ಪುಟಾಣಿ ನೀಲಿ ಹೂವು, ಅದಕ್ಕೆ ಆಪ್ ಕೊಟ್ಟ ಕನ್ನಡ ಹೆಸರು "ಕುಬ್ಜ ಬೆಳಗಿನ ವೈಭವ". ಉತ್ರಾಣಿಗೆ "ಮುಳ್ಳಿನ ಹೊಟ್ಟು ಹೂವು". ಹೊನ್ನವರಿಕೆ, ಅದೇ ತಂಗಡಿ ಅಂತಾರಲ್ಲ, ರೋಡ್ ಪಕ್ಕ ಹಳದಿ ಗೊಂಚಲು, ಅದಕ್ಕೆ "ಚರ್ಮ ಹದಮಾಡುವವರ ಕ್ಯಾಸಿಯಾ". ಇದರ ತೊಗಟೆಯಿಂದ ಚರ್ಮ ಹದ ಮಾಡ್ತಿದ್ದಿದ್ದು ನಿಜ, ಇಂಗ್ಲಿಷ್‌ನೋರು ಅದನ್ನ ನೋಡಿ ಹೆಸರಿಟ್ರು, ನಮ್ಮೋರು ಹೊನ್ನು ನೋಡಿ ಇಟ್ರು, ಅದು ಅವರವರ ಕಣ್ಣು, ತಕರಾರಿಲ್ಲ. ಆದ್ರೆ ಅವರ ಕಣ್ಣನ್ನ ತಂದು ಕನ್ನಡ ಅಂತ ನಂಗೇ ಮಾರೋದು ಯಾವ ನ್ಯಾಯ. ಮನೆ ಮುಂದೆ, ಗದ್ದೆ ಬದೂಲೆಲ್ಲ ಬೆಳೆಯುತ್ತಲ್ಲ, ಉದ್ದ ಕಡ್ಡಿ ಮೇಲೆ ಒಂದೇ ಸಣ್ಣ ಹೂವು, ಚಿಕ್ಕವರಿದ್ದಾಗ ಕಡ್ಡಿ ಬಗ್ಗಿಸಿ ಅದರ ತಲೆ ಹಾರಿಸ್ತಿದ್ವಿ, ಗಾಯಕ್ಕೆ ಎಲೆ ಹಿಂಡ್ತಿದ್ವಿ, ಅದಕ್ಕೆ "ಕೋಟಿನ ಗುಂಡಿಗಳು" ಅಂತ ಬಂತು. ಮಗಳು ನಕ್ಕು ನಕ್ಕು ಸುಸ್ತು. ಅವ್ವಂಗೆ ಓದಿ ಹೇಳಿದ್ರೆ "ಯಾರ್ ಇಟ್ರಂತೆ ಹೆಸರ್ನ, ದರ್ಜಿಯೋನಾ?" ಅಂದ್ಲು.

ಸೈಂಟಿಫಿಕ್ ಹೆಸರೇ ಬೇಡ ಅಂತ ನಾನು ಹೇಳ್ತಿಲ್ಲ, ಅದನ್ನ ತಪ್ಪು ತಿಳ್ಕೋಬೇಡಿ. ಅದರ ಬೆಲೆ ಗೊತ್ತಾಗಿದ್ದೂ ಇದೇ ಪ್ರಾಜೆಕ್ಟಲ್ಲಿ. ಮಂಡಿಪೇಟೆ ಕಡೆ ಒಂದು ಗ್ರಂಧಿಗೆ ಅಂಗಡೀಲಿ ಶಂಖಪುಷ್ಪಿ ಪುಡಿ ಇದು ಯಾವ ಗಿಡದ್ದು ಅಂತ ಕೇಳಿದ್ರೆ ಅವರಿಗೂ ಗೊಂದಲ. ನಮ್ಮಲ್ಲಿ ಶಂಖಪುಷ್ಪ ಅಂದ್ರೆ ಬೇಲಿ ಮೇಲೆ ಹಬ್ಬೋ ಆ ನೀಲಿ ಹೂವಿನ ಬಳ್ಳಿ, ಈಗ ಬ್ಲೂ ಟೀ ಅಂತ ಮಾರ್ತಾರಲ್ಲ ಅದು. ಉತ್ತರದ ಕಡೆ ಶಂಖಪುಷ್ಪಿ ಅಂದ್ರೆ ನೆಲದ ಮೇಲೆ ಹರಡೋ ಇನ್ನೊಂದು ಗಿಡ, ಕೆಲವರು ನಮ್ಮ ವಿಷ್ಣುಕ್ರಾಂತಿಗೂ ಅದೇ ಹೆಸರು ಹೇಳ್ತಾರೆ. ಒಂದು ಹೆಸರು, ಮೂರು ಗಿಡ. ಔಷಧಿ ಅಂತ ಕುಡಿಯೋನು ಯಾವುದನ್ನ ಕುಡೀತಿದಾನೆ ಅಂತ ತಿಳಿಯೋಕೆ ಕ್ಲೈಟೋರಿಯಾನಾ (ಆ ಬೇಲಿ ಬಳ್ಳಿ), ಇವೋಲ್ವ್ಯುಲಸ್ಸಾ (ವಿಷ್ಣುಕ್ರಾಂತಿ) ಅಂತ ಕೇಳ್ಲೇಬೇಕು. ಅತ್ತ ಇಂಗ್ಲಿಷ್ ಹೆಸರೇನು ಕಮ್ಮಿ ಇಲ್ಲ, ನಮ್ಮ ಮುತ್ತುಗನೂ ಅವರಿಗೆ ಬೆಂಕಿ, ಗುಲ್‌ಮೊಹರೂ ಬೆಂಕಿ, ಗೌರಿ ಹೂವೂ ಬೆಂಕಿ, ಆಪಲ್ಲಿ ಫ್ಲೇಮ್ ಅಂತ ಹುಡುಕಿದ್ರೆ ಊರಿಗೂರೇ ಹತ್ಕೊಂಡು ಉರಿಯುತ್ತೆ.

ಗ್ಲೋರಿಯೋಸಾ ಸುಪರ್ಬಾ ಅಂತ 1753ರಲ್ಲಿ ಲಿನೇಯಸ್ ಅನ್ನೋ ಸ್ವೀಡನ್ನಿನ ಸಸ್ಯವಿಜ್ಞಾನಿ ಇಟ್ಟಿದ್ದು. ಮೊದಲನೇ ಪದಕ್ಕೆ ಕೀರ್ತಿವಂತ ಅಂತ, ಎರಡನೇದಕ್ಕೆ ಭವ್ಯ, ಬಿಂಕದ್ದು ಅಂತ ಅರ್ಥ. ಬರೀ ಹೊಗಳಿಕೆ. ಸಂಸ್ಕೃತದೋರು ಹೂವನ್ನ ನೋಡಿ ಅಗ್ನಿಶಿಖೆ ಅಂದ್ರು, ಜೊತೆಗೆ ಮಣ್ಣು ಕೆದಕಿ ಕೆಳಗೆ ನೋಡಿ ಲಾಂಗಲಿ ಅಂತಾನೂ ಅಂದ್ರು, ಲಾಂಗಲ ಅಂದ್ರೆ ನೇಗಿಲು, ಗೆಡ್ಡೆ ನೇಗಿಲ ಥರಾನೇ ಬಗ್ಗಿರುತ್ತೆ. ಆಯುರ್ವೇದದಲ್ಲಿ ಲಾಂಗಲಿಯನ್ನ ಉಪವಿಷಗಳ ಪಟ್ಟೀಲಿ ಇಟ್ಟಿದಾರೆ, ಶುದ್ಧಿ ಮಾಡದೆ ಬಳಸೋ ಹಂಗಿಲ್ಲ. ಜಿಂಬಾಬ್ವೆಗೂ ಇದು ರಾಷ್ಟ್ರೀಯ ಹೂವು, ಅಲ್ಲಿವರೆಗೂ ಇದರ ಸಂಸಾರ ಹಬ್ಬಿದೆ. ಇದೆಲ್ಲ ನಾನು ಆಮೇಲೆ ಓದಿ ತಿಳ್ಕೊಂಡಿದ್ದು. 1,499 ಕೊಟ್ಟ ಆಪಲ್ಲಿ ಇದ್ದಿದ್ದು "ವಾರಕ್ಕೆರಡು ಸಲ ನೀರು ಹಾಕಿ, ಬಾಲ್ಕನಿಗೆ ಸೂಕ್ತ" ಅಂತ. ಚಿಕ್ಕ ಮಕ್ಕಳಿರೋ ಮನೆ ಬಾಲ್ಕನಿಗೆ ಗೌರಿ ಹೂವು! ವಿಷ ಅನ್ನೋದು ಇತ್ತು, ಇಲ್ಲ ಅಂತಲ್ಲ, ನಾಲ್ಕು ಸಲ ಕೆಳಗೆ ತಳ್ಳಿದ್ರೆ "ಸಾಕುಪ್ರಾಣಿಗಳಿಗೆ ಹಾನಿಕರ" ಅಂತ ಸಣ್ಣಕ್ಷರದಲ್ಲಿ. ಬೆಕ್ಕಿಗೆ ಹೇಳಿದಾರೆ, ನಮಗೆ ಹೇಳಿಲ್ಲ.

ಇನ್ನೊಂದು ವಿಷಯ ಜನ ಗಮನಿಸಲ್ಲ. ನೀವು ಫೋಟೋ ಹಾಕಿದ ಕೂಡ್ಲೇ ಮ್ಯಾಪಲ್ಲಿ ಪಿನ್ ಬೀಳುತ್ತೆ, ಎಲ್ಲರಿಗೂ ಕಾಣುತ್ತೆ, ಆಫ್ ಮಾಡೋದು ಎಲ್ಲೋ ಒಳಗಿದೆ. ಗೆಡ್ಡೆ ಕದಿಯೋಕೆ ಬರ್ತಾರೆ ಅಂತ ವಾಚರ್ ಹೇಳಿದ್ದು ನೆನಪಾಗಿ ಜೋಗಿಮಟ್ಟಿದೆಲ್ಲ ಡಿಲೀಟ್ ಮಾಡಿದೆ. ಐನ್ಯಾಚುರಲಿಸ್ಟ್ ಅಂತ ಒಂದಿದೆ, ಫ್ರೀ, ಲಾಭಕ್ಕೆ ನಡೆಸೋದಲ್ಲ, ಅದರಲ್ಲಿ ಅಪಾಯದಲ್ಲಿರೋ ಜಾತಿಗಳ ಜಾಗ ಅದೇ ಮಸುಕು ಮಾಡುತ್ತೆ, ಮಿಷನ್ ಊಹೆ ಹೇಳಿದ ಮೇಲೆ ಗೊತ್ತಿರೋ ಜನಾನೂ ನೋಡಿ ಹೌದು ಅಲ್ಲ ಅಂತಾರೆ. ಕನ್ನಡ ಹೆಸರು ಇಲ್ಲದಿದ್ರೆ ನಾವೇ ಸೇರಿಸಬಹುದು. ಸ್ವಲ್ಪ ನಿಧಾನ, ಒಂದು ಫೋಟೋಗೆ ನಾಲ್ಕು ದಿನ ಯಾರೂ ಬರ್ಲಿಲ್ಲ, ಪ್ರಾಜೆಕ್ಟ್ ಸಬ್ಮಿಟ್ ನಾಳೆ ಅನ್ನೋರಿಗೆ ಆಗಿಬರಲ್ಲ. ನಂಗೀಗ ಅದೇ ಸಾಕಾಗಿದೆ.

ಪ್ರಾಜೆಕ್ಟೇನೋ ಚೆನ್ನಾಗಾಯ್ತು. ಲೋಕಲ್ ನೇಮ್ ಕಾಲಮ್ ಇಪ್ಪತ್ತಕ್ಕೆ ಹದಿನೇಳು ಅವ್ವಂದು, ಎರಡು ವಾಚರ್‌ದು, ಒಂದು ಖಾಲಿ. ಟೀಚರ್ ಮಾತ್ರ ಗೌರಿ ಹೂವು ಅನ್ನೋದಕ್ಕೆ ರೌಂಡ್ ಹಾಕಿ ಪಕ್ಕದಲ್ಲಿ ಕ್ವೆಶ್ಚನ್ ಮಾರ್ಕ್ ಇಟ್ಟಿದ್ರು, ಅಗ್ನಿಶಿಖೆಗೆ ಟಿಕ್. ಅವ್ವಂಗೆ ಇದನ್ನ ಹೇಳಿಲ್ಲ.

ಆಮೇಲೆ ದೀಪಾವಳಿಗೆ ಆಪಿಗೆ ಇನ್ನೊಂದು ಚಾನ್ಸ್ ಕೊಟ್ಟೆ, ಹೆಂಗಿದ್ರೂ ವರ್ಷಕ್ಕೆ ದುಡ್ಡು ಹೋಗಿದೆಯಲ್ಲ. ನಮ್ಮ ಕಡೆ ಪಾಡ್ಯದ ದಿನ ಸಗಣಿಯಲ್ಲಿ ಹಟ್ಟಿ ಲಕ್ಕವ್ವನ್ನ ಮಾಡಿ ಹೂವು ಸಿಗಿಸ್ತೀವಿ, ಅಂಗಡಿ ಹೂವು ಸಾಲಲ್ಲ, ಹೊನ್ನವರಿಕೆ ಬೇಕು, ಉತ್ರಾಣಿ ಬೇಕು, ಹುಚ್ಚೆಳ್ಳು ಹೂವು ಬೇಕು. ಅವ್ವ ಪಟ್ಟಿ ಹೇಳಿ ಕಳಿಸಿದ್ಲು. ಆಪಲ್ಲಿ ಕನ್ನಡದಲ್ಲೇ ಹೊನ್ನವರಿಕೆ ಅಂತ ಟೈಪ್ ಮಾಡಿದೆ, "ಫಲಿತಾಂಶಗಳಿಲ್ಲ". ತಂಗಡಿ, ಇಲ್ಲ. ಉತ್ರಾಣಿ, ಉತ್ತರಾಣಿ, ಎರಡೂ ಇಲ್ಲ. ಅಂದ್ರೆ ಫೋಟೋ ತೋರಿಸಿದ್ರೆ ಹೆಸರು ಹೇಳುತ್ತೆ, ಹೆಸರು ಹೇಳಿದ್ರೆ ಗಿಡ ತೋರಿಸಲ್ಲ. ಬೈಪಾಸ್ ಪಕ್ಕ ಎಮ್ಮೆ ಮೇಯಿಸ್ತಿದ್ದ ಹುಡುಗನ್ನ ಕೇಳಿದೆ, ಫೋನಿಂದ ತಲೆ ಎತ್ತದೆ ಕೋಲಲ್ಲಿ ತೋರಿಸ್ದ, ನನ್ನ ಕಾಲ ಹತ್ರಾನೇ ಇತ್ತು.

ರಿಫಂಡ್ ಕೇಳಿದೀನಿ, "ಪರಿಶೀಲನೆಯಲ್ಲಿದೆ" ಅಂತ ತೋರಿಸ್ತಿದೆ. ಅಷ್ಟರಲ್ಲಿ ಇನ್ನೊಂದು ಗೊತ್ತಾಯ್ತು, ವರ್ಷ ಮುಗಿದ್ರೆ ಆಪ್ ಒಳಗೆ ನಾವು ಬರ್ಕೊಂಡಿರೋ ನೋಟ್ಸೂ ಲಾಕ್ ಆಗುತ್ತಂತೆ, ಕಾಪಿ ಮಾಡೋಕೂ ಬಿಡಲ್ಲ. ಅವ್ವ ಹೇಳಿದ್ದೆಲ್ಲ ಅಲ್ಲೇ ಟೈಪ್ ಮಾಡಿದ್ದೆ, ಮೂವತ್ತೇಳು ಇದಾವೆ. ಈಗ ದಿನಾ ರಾತ್ರಿ ನಾಲ್ಕೈದರಂತೆ ನೋಡಿ ನೋಡಿ ಕೈಯಲ್ಲಿ ಬರೀತಿದೀನಿ, ಮನೇಲಿ ಖಾಲಿ ನೋಟ್ ಬುಕ್ ಸಿಗ್ಲಿಲ್ಲ ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದೆ. ನಿನ್ನೆ ತುಂಬೆ ಹೂವಿನವರೆಗೆ ಬಂದೆ, ಅವ್ವ ಪಕ್ಕದಲ್ಲಿ ಕೂತು "ಶಿವಂಗೆ ಪ್ರೀತಿ ಅಂತಾನೂ ಹಾಕು" ಅಂದ್ಲು, ಹಾಕಿದೆ.